ಪೀಣ್ಯದಿಂದ ಪ್ರಯೋಗಾಲಯಕ್ಕೆ ಮೂರೇ ಸ್ಟೇಷನ್

914.4 ಮಿಲಿಮೀಟರ್. ಟೆಂಡರ್ ಕಾಗದದಲ್ಲಿ ಈ ಅಳತೆ ಕಂಡ ತಕ್ಷಣ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡು ಇಟ್ಟಿರುವ ನನ್ನ ಗೆಳೆಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬ್ಯಾಟರಿಗಳನ್ನು ಬಿಸಿಗೂ ಚಳಿಗೂ ಒಡ್ಡಿ ನೋಡುವ ಒಂದು ಚೇಂಬರ್ ಬೇಕು ಅಂತ ಸರ್ಕಾರಿ ಪ್ರಯೋಗಾಲಯವೊಂದು ಟೆಂಡರ್ ಕರೆದಿತ್ತು. ಒಳಗಿನ ಅಗಲ 914.4 ಮಿ.ಮೀ. ಇರಲೇಬೇಕು ಅಂತ ಬರೆದಿತ್ತು. "900 ಅನ್ನಬಹುದಿತ್ತು, 1000 ಅನ್ನಬಹುದಿತ್ತು. ಈ ಪಾಯಿಂಟ್ ನಾಲ್ಕು ಎಲ್ಲಿಂದ ಬಂತು ಹೇಳಿ?" ಅಂದರು.

ಉತ್ತರ ಅವರಿಗೇ ಗೊತ್ತಿತ್ತು. 36 ಇಂಚು ಅಂದರೆ ಸರಿಯಾಗಿ 914.4 ಮಿ.ಮೀ. ಇಂಚಿನಲ್ಲಿ ಅಳೆಯುವ ಯಾವುದೋ ದೇಶದ ಕ್ಯಾಟಲಾಗಿನಿಂದ ಆ ಸಾಲು ಹಾಗೇ ಇಳಿದು ಬಂದಿತ್ತು. ಅವರ ಶೆಡ್ಡಿನಲ್ಲಿ ಇಂಥ ಚೇಂಬರ್ ಮಾಡಬಲ್ಲ ಕೈಗಳಿವೆ. ಬೇಕಾದರೆ 914.4ಕ್ಕೇ ಮಾಡಿಕೊಡುತ್ತಾರೆ. ಆದರೆ ಅದರ ಕೆಳಗೆ ಇನ್ನೂ ಹತ್ತು ಸಾಲು ಅದೇ ಕ್ಯಾಟಲಾಗಿನದ್ದು ಇದ್ದವು. ಬಾಗಿಲ ಹಿಡಿ ಯಾವ ಕಡೆ ಇರಬೇಕು ಅನ್ನೋದೂ ಸೇರಿ. ಪ್ರಶ್ನೆ ಕೇಳಲು ಇಟ್ಟಿದ್ದ ಪ್ರಿ-ಬಿಡ್ ಮೀಟಿಂಗ್ ನಾವು ಟೆಂಡರ್ ನೋಡುವ ಹೊತ್ತಿಗೆ ಮುಗಿದೇ ಹೋಗಿತ್ತು.

ಸಣ್ಣ ಕಾರ್ಖಾನೆಗಳಿಗೆ ಟೆಂಡರ್ ಕಾಗದ ತಯಾರು ಮಾಡಿಕೊಡುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ಒಂದು ಮಾತು ಮನಸ್ಸಿಗೆ ಗಟ್ಟಿಯಾಗಿದೆ. ಪ್ರಯೋಗಾಲಯದ ಆರ್ಡರ್ ಯಾರಿಗೆ ಅನ್ನೋದು ಬಹಳ ಸಲ ಬಿಡ್ ತೆರೆಯುವ ದಿನ ತೀರ್ಮಾನವಾಗುವುದಿಲ್ಲ. ಸ್ಪೆಕ್, ಅಂದರೆ ಯಂತ್ರ ಹೇಗಿರಬೇಕು ಅನ್ನುವ ವಿವರ, ಬರೆಯುವ ದಿನವೇ ಆಗಿಬಿಟ್ಟಿರುತ್ತದೆ. ಇದರಲ್ಲಿ ಲಂಚ, ಒಳಸಂಚು ಇರಲೇಬೇಕಂತಿಲ್ಲ. ಉಪಕರಣ ಬೇಕಾದ ವಿಜ್ಞಾನಿ ತಮಗೆ ಗೊತ್ತಿರುವ ಯಂತ್ರದ ವಿವರ ಬರೆಯುತ್ತಾರೆ. ಅವರಿಗೆ ಗೊತ್ತಿರುವುದು ಪಿಎಚ್‌.ಡಿ. ಮಾಡುವಾಗ ಮುಟ್ಟಿದ ಯಂತ್ರ. ಪೀಣ್ಯದ ಶೆಡ್ಡು ಅವರಿಗೆ ಗೊತ್ತೇ ಇಲ್ಲ.

ಇದು ಬೇಜಾರಿನ ಸಂಗತಿ, ಯಾಕೆಂದರೆ ದೂರ ಜಾಸ್ತಿ ಇಲ್ಲ. ಸದಾಶಿವನಗರದ ಸರ್ ಸಿ.ವಿ. ರಾಮನ್ ರಸ್ತೆಯಲ್ಲಿ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ, ಎಲ್ಲರ ಬಾಯಲ್ಲೂ ಅದು ಸಿಪಿಆರ್‌ಐ. 1960ರಲ್ಲಿ ಶುರುವಾಯಿತು, 1978ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು, ಈಗಲೂ ಕೇಂದ್ರ ವಿದ್ಯುತ್ ಸಚಿವಾಲಯದ ಅಡಿಯಲ್ಲಿದೆ. ಅಲ್ಲೇ ಹತ್ತಿರದಲ್ಲಿ ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ. ಕಟ್ಟಿಗೆ, ತೆಂಗಿನ ಚಿಪ್ಪಿನಿಂದ ಗ್ಯಾಸ್ ತೆಗೆಯುವ ಗ್ಯಾಸಿಫೈಯರ್‌ಗಳ ಮೇಲೆ ಅಲ್ಲಿ ದಶಕಗಳ ಕೆಲಸ ನಡೆದಿದೆ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ವಿಮಾನ ಸಂಶೋಧನೆಯ ಎನ್‌ಎಎಲ್. ಬ್ಯಾಟರಿ, ಸೋಲಾರ್, ಹೈಡ್ರೋಜನ್, ಗಾಳಿ ಯಂತ್ರ, ಎಲ್ಲದರ ಕೆಲಸವೂ ಈ ಊರಲ್ಲಿ ಒಂದಲ್ಲ ಒಂದು ಕಡೆ ನಡೆಯುತ್ತಿದೆ. ಟಾಟಾ ಇನ್‌ಸ್ಟಿಟ್ಯೂಟಿಗೆ ಹತ್ತಿರದ ಯಶವಂತಪುರದಲ್ಲಿ ಹಸಿರು ಮೆಟ್ರೋ ಹತ್ತಿದರೆ ಮೂರನೇ ಸ್ಟೇಷನ್ ಪೀಣ್ಯ ಇಂಡಸ್ಟ್ರಿ. ಶೀಟ್ ಮೆಟಲ್, ವೈಂಡಿಂಗ್, ಕಂಟ್ರೋಲ್ ಪ್ಯಾನೆಲ್, ವ್ಯಾಕ್ಯೂಮ್ ವೆಲ್ಡಿಂಗ್, ಒಂದು ಪರೀಕ್ಷಾ ರಿಗ್ ಕಟ್ಟಲು ಬೇಕಾದ್ದೆಲ್ಲ ಅಲ್ಲಿ ಸಿಗುತ್ತದೆ.

ಈ ಮಾತು ಈಗ ಎತ್ತುವುದಕ್ಕೆ ಕಾರಣ ಇದೆ. 2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ವಿಜ್ಞಾನ ಇಲಾಖೆಗಳ ಪ್ರಯೋಗಾಲಯಗಳಿಗೆ ಖರೀದಿ ನಿಯಮ ಸಡಿಲ ಮಾಡಿತು. ಕೊಟೇಶನ್ ಇಲ್ಲದೆ ನೇರವಾಗಿ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿತು. ಖರೀದಿ ಸಮಿತಿಯ ಮೂಲಕ ಕೊಳ್ಳುವ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ ಹೋಯಿತು. ಆಯ್ದ ಕಂಪನಿಗಳಿಂದ ಮಾತ್ರ ಬಿಡ್ ಕರೆಯುವ ಮಿತಿ 50 ಲಕ್ಷದಿಂದ 1 ಕೋಟಿಗೆ. ಸರ್ಕಾರಿ ಖರೀದಿಗೆಂದೇ ಇರುವ ಆನ್‌ಲೈನ್ ಮಾರುಕಟ್ಟೆ ಜೆಮ್ ಪೋರ್ಟಲ್‌ನಲ್ಲೇ ಕೊಳ್ಳಬೇಕು ಅನ್ನುವ ಕಟ್ಟೂ ವಿಶೇಷ ವೈಜ್ಞಾನಿಕ ಉಪಕರಣಗಳ ಮಟ್ಟಿಗೆ ಸಡಿಲವಾಯಿತು, ತೀರ್ಮಾನ ಸಂಸ್ಥೆಯ ನಿರ್ದೇಶಕರ ಕೈಗೆ ಬಂತು. ಎಲ್ಲ ಸಂಸ್ಥೆಗೂ ಇದು ಒಂದೇ ಥರ ಅನ್ವಯಿಸುವುದಿಲ್ಲ. ಯಾವ ಸಚಿವಾಲಯದ ಕೆಳಗೆ ಬರುತ್ತದೆ ಅಂತ ಮೊದಲು ನೋಡಿಕೊಳ್ಳಬೇಕು.

ಜೆಮ್ ಯಾಕೆ ತೊಡಕಾಗಿತ್ತು? 2016ರಲ್ಲಿ ಬಂದ ಈ ಪೋರ್ಟಲ್ ಕುರ್ಚಿ, ಪ್ರಿಂಟರ್, ಕಾಗದ ಕೊಳ್ಳಲು ಚೆನ್ನಾಗಿದೆ. ಒಂದೇ ಥರದ ಸಾವಿರ ವಸ್ತು, ಹತ್ತು ಮಾರಾಟಗಾರರು, ಯಾರ ಬೆಲೆ ಕಡಿಮೆಯೋ ಅವರಿಗೆ ಆರ್ಡರ್. ಪ್ರಯೋಗಾಲಯಕ್ಕೆ ಬೇಕಾದ್ದು ಇಡೀ ದೇಶದಲ್ಲಿ ಒಂದೇ ಒಂದು ಇರುವ ವಸ್ತು. ಅದಕ್ಕೆ ಅಲ್ಲಿ ಸರಿಯಾದ ವಿಭಾಗವೇ ಇರುವುದಿಲ್ಲ. ಕೆಲವು ಬಿಡ್‌ಗಳಲ್ಲಿ ಬೆಲೆ ತೆರೆದ ಮೇಲೆ ರಿವರ್ಸ್ ಆಕ್ಷನ್ ಬೇರೆ ಇರುತ್ತದೆ. ಹರಾಜು ಉಲ್ಟಾ ನಡೆದ ಹಾಗೆ, ಗಡಿಯಾರ ಓಡುತ್ತಿರುವಾಗಲೇ ಬೆಲೆ ಇಳಿಸುತ್ತಾ ಹೋಗಬೇಕು. ಒಬ್ಬರು ಆರು ತಿಂಗಳು ತಲೆ ಕೆಡಿಸಿಕೊಂಡು ಮಾಡಿದ ವಿನ್ಯಾಸದ ಬೆಲೆ ಹೀಗೆ ನಿಮಿಷ ನಿಮಿಷಕ್ಕೂ ಕರಗುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಹಾಗಾಗಿ ಸಡಿಲಿಕೆ ಒಳ್ಳೆಯದೇ. ಆದರೆ ಅದು ಎರಡೂ ಕಡೆ ಕೆಲಸ ಮಾಡುತ್ತದೆ. ಜೆಮ್ ಕಟ್ಟು ಬಿಟ್ಟ ಮೇಲೆ ವಿಜ್ಞಾನಿ ಪೀಣ್ಯಕ್ಕೂ ಬರಬಹುದು, ಸೀದಾ ವಿದೇಶಿ ಕ್ಯಾಟಲಾಗಿಗೂ ಹೋಗಬಹುದು. ಈ ಜಾಗದಲ್ಲಿ 25 ಲಕ್ಷದ ಸಮಿತಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಪೀಣ್ಯದ ಶೆಡ್ಡುಗಳು ಮಾಡಿಕೊಡುವ ಹೆಚ್ಚಿನ ಕೆಲಸ ಈ ಮೊತ್ತದ ಒಳಗೇ ಬರುತ್ತದೆ. ಸಾಮಾನ್ಯ ಹಣಕಾಸು ನಿಯಮಗಳ 155ನೇ ನಿಯಮ ಓದಿ ನೋಡಿ. ಮೂರು ಜನರ ಸಮಿತಿ ಮಾರುಕಟ್ಟೆಯಲ್ಲಿ ವಿಚಾರಿಸಬೇಕು. ಬೆಲೆ, ಗುಣಮಟ್ಟ, ಸ್ಪೆಕ್ ಸರಿಯಿದೆಯೇ ನೋಡಬೇಕು. ಸರಿಯಾದ ಪೂರೈಕೆದಾರರನ್ನು ಗುರುತಿಸಿ ಮೂವರೂ ಸಹಿ ಹಾಕಬೇಕು. ಮಾರುಕಟ್ಟೆಯಲ್ಲಿ ವಿಚಾರಿಸುವುದು ಅಂದರೆ ಮೂರು ಇ-ಮೇಲ್ ಕಳಿಸಿ ಮೂರು ಕೊಟೇಶನ್ ತರಿಸುವುದಲ್ಲ ಅಲ್ವಾ? ಕಾರು ಹತ್ತಿ ಹೋಗಿ, ಮಾಡುವವರ ಜಾಗ ನೋಡಿ, ಅವರ ಹಳೇ ಕೆಲಸ ಮುಟ್ಟಿ ಬರುವುದು. ನಿಯಮ ಇದನ್ನು ತಡೆಯುವುದಿಲ್ಲ, ಇದಕ್ಕೇ ದಾರಿ ಮಾಡಿಕೊಟ್ಟಿದೆ.

25 ಲಕ್ಷ ದಾಟಿದ ಮೇಲೆ ಹಳೇ ಲೋಕ. ಎರಡು ಕವರ್. ಟೆಕ್ನಿಕಲ್ ಕವರ್‌ನಲ್ಲಿ ಪಾಸಾದವರ ಬೆಲೆ ಕವರ್ ಮಾತ್ರ ತೆರೆಯುತ್ತಾರೆ, ಕಡಿಮೆ ಬೆಲೆಯವರೇ ಎಲ್-1, ಆರ್ಡರ್ ಅವರಿಗೆ. 2021ರಲ್ಲಿ ಕೇಂದ್ರ ಸರ್ಕಾರ ಗುಣಮಟ್ಟಕ್ಕೂ ಅಂಕ ಕೊಡುವ ಪದ್ಧತಿಯನ್ನು ಕಾಮಗಾರಿಗಳಿಗೂ ಕೆಲವು ಸೇವೆಗಳಿಗೂ ತೆರೆಯಿತು. ಸರಕು ಕೊಳ್ಳುವಾಗ ಎಲ್-1 ಲೆಕ್ಕವೇ ಉಳಿಯಿತು. ಎಲ್-1 ಪದ್ಧತಿಯನ್ನು ನಾನು ಸುಮ್ನೆ ಬಯ್ಯುವುದಿಲ್ಲ. ಬೇಕಾದವರಿಗೆ ಹಂಚಿಕೊಳ್ಳುವುದನ್ನು ಅದು ತಡೆದಿದೆ. ಆದರೆ ಕೊಳ್ಳುವ ದಿನದ ಬೆಲೆ ಒಂದೇ ನೋಡಿದರೆ ಮುಂದಿನ ಹತ್ತು ವರ್ಷದ ಖರ್ಚು ಕಾಣುವುದಿಲ್ಲ. ಕಂಪ್ರೆಸರ್ ಕೆಟ್ಟರೆ ಹೊರದೇಶದ ಎಂಜಿನಿಯರ್ ಬರುವವರೆಗೆ ಯಂತ್ರ ಮೂಲೆಯಲ್ಲಿ ಕೂರುತ್ತದೆ, ಅದರ ಜೊತೆ ಒಬ್ಬ ವಿದ್ಯಾರ್ಥಿಯ ಸಂಶೋಧನೆಯೂ ಕೂರುತ್ತದೆ. ಅದಕ್ಕೇ ನಾನು ಪ್ರಿ-ಬಿಡ್‌ನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಅನ್ನುತ್ತೇನೆ: ಐದು ವರ್ಷದ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಬೆಲೆಯನ್ನೂ ಎಲ್-1 ಲೆಕ್ಕಕ್ಕೆ ಸೇರಿಸುತ್ತೀರಾ? ಸೇರಿಸಲು ಅವಕಾಶ ಇದೆ. ಸೇರಿಸಿದರೆ ಮೂರು ಸ್ಟೇಷನ್ ದೂರದಲ್ಲಿರುವವರು ಗೆಲ್ಲುತ್ತಾರೆ.

ಇನ್ನು ಅನುಭವದ ಷರತ್ತು. ಇದರಷ್ಟು ಸಣ್ಣವರನ್ನು ಹೊರಗಿಟ್ಟಿದ್ದು ಬೇರೆ ಯಾವುದೂ ಇಲ್ಲ. ಇದೇ ರೀತಿಯ ಕೆಲಸ ಅಂದಾಜು ಮೊತ್ತದ ಶೇ. 40ರಷ್ಟರದ್ದು ಮೂರು, ಅಥವಾ ಶೇ. 50ರಷ್ಟರದ್ದು ಎರಡು, ಅಥವಾ ಶೇ. 80ರಷ್ಟರದ್ದು ಒಂದು ಮಾಡಿರಬೇಕು ಅನ್ನುವ ಸಾಲು ಟೆಂಡರ್ ಬರೆಯುವವರ ಕೈಗೆ ಅಂಟಿಕೊಂಡಿದೆ. ಇದು ಕಟ್ಟಡ, ರಸ್ತೆಯಂಥ ಕಾಮಗಾರಿಗಳಿಗೆ ಅಂತ ಬಂದ ಅಳತೆ. ದೇಶದಲ್ಲಿ ಇನ್ನೂ ಯಾರೂ ಮಾಡದ ಹೈಡ್ರೋಜನ್ ಟೆಸ್ಟ್ ರಿಗ್ ಬೇಕು ಅಂತ ಕರೆದು, ಅಂಥವು ಮೂರು ಮಾಡಿದ್ದೀರಾ ಅಂತ ಕೇಳಿದರೆ ಇಲ್ಲಿಯವರು ಏನು ಹೇಳಬೇಕು?

ರಿಯಾಯಿತಿ ಇದೆ. ಸಣ್ಣ ಉದ್ಯಮಗಳಿಗೂ ಸ್ಟಾರ್ಟ್‌ಅಪ್‌ಗಳಿಗೂ ಅನುಭವ ಮತ್ತು ವಹಿವಾಟಿನ ಷರತ್ತು ಸಡಿಲಿಸಬಹುದು, ಗುಣಮಟ್ಟ ಮತ್ತು ಸ್ಪೆಕ್‌ನಲ್ಲಿ ರಾಜಿ ಆಗದಿದ್ದರೆ. "ಸಡಿಲಿಸಬಹುದು" ಅನ್ನುವ ಪದದಲ್ಲೇ ಎಲ್ಲ ಇದೆ. ಜೆಮ್ ಬಿಡ್ ತೆರೆದರೆ ಮೊದಲ ಪುಟದಲ್ಲೇ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಎಂಎಸ್‌ಇಗೆ, ಅಂದರೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ, ಅನುಭವ ಮತ್ತು ವಹಿವಾಟಿನ ವಿನಾಯಿತಿ ಅಂತ ಒಂದು ಸಾಲು, ಎದುರಿಗೆ ಹೌದು ಅಥವಾ ಇಲ್ಲ. ನಾನು ಯಾವ ಬಿಡ್ ತೆರೆದರೂ ಮೊದಲು ಬೆರಳಿಡುವುದು ಅಲ್ಲಿ. ಇಲ್ಲ ಅಂತಿದ್ದರೆ ಉಳಿದ ನಲವತ್ತು ಪುಟ ಓದುವ ಮೊದಲು ಒಂದು ಪತ್ರ ಬರೆಯುತ್ತೇವೆ. ಕೆಲವೊಮ್ಮೆ ತಿದ್ದುಪಡಿ ಬರುತ್ತದೆ. ಬಹಳ ಸಲ ಬರುವುದಿಲ್ಲ.

ಸಣ್ಣ ಉದ್ಯಮಗಳಿಗಿರುವ ಇನ್ನೊಂದು ಅನುಕೂಲದ ಬಗ್ಗೆ ತಪ್ಪು ತಿಳಿವಳಿಕೆ ತುಂಬಾ ಇದೆ. 2012ರ ಖರೀದಿ ನೀತಿಯ ಪ್ರಕಾರ ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ವರ್ಷದ ಖರೀದಿಯಲ್ಲಿ ಶೇ. 25ನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ತೆಗೆದುಕೊಳ್ಳಬೇಕು. ಅದರಲ್ಲಿ ಶೇ. 4 ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಂದ, ಶೇ. 3 ಮಹಿಳೆಯರ ಉದ್ಯಮಗಳಿಂದ. ಮೊದಲು ಶೇ. 20 ಇದ್ದ ಗುರಿ 2019ರಿಂದ 25 ಆಯಿತು. ಜೊತೆಗೆ ಶೇ. 15ರ ಬೆಲೆ ಅಂತರದ ಸೌಲಭ್ಯ. "ನಮಗೆ ಶೇ. 15 ಜಾಸ್ತಿ ಕೊಡ್ತಾರಂತೆ" ಅಂತ ಬಂದು ಕೂರುವವರು ವಾರಕ್ಕೊಬ್ಬರು. ಹಾಗಲ್ಲ. ದೊಡ್ಡ ಕಂಪನಿ 40 ಲಕ್ಷಕ್ಕೆ ಎಲ್-1 ಆಗಿದೆ ಅಂದುಕೊಳ್ಳಿ, ನೀವು 45 ಲಕ್ಷ ಹಾಕಿದ್ದೀರಿ. 46 ಲಕ್ಷದ ಒಳಗಿದ್ದೀರಿ, ಹಾಗಾಗಿ ನಿಮ್ಮನ್ನು ಕರೆದು ಕೇಳುತ್ತಾರೆ: 40ಕ್ಕೇ ಕೊಡುತ್ತೀರಾ? ಒಪ್ಪಿದರೆ ಆರ್ಡರ್‌ನಲ್ಲಿ ಪಾಲು. ಚೇಂಬರ್‌ನಂತೆ ಒಂದೇ ವಸ್ತು, ತುಂಡು ಮಾಡಲು ಆಗದ್ದಾದರೆ ಪೂರ್ತಿ ಆರ್ಡರ್ ಕೂಡ ಸಿಗಬಹುದು. ಕೈ ತಪ್ಪಿದ ಆರ್ಡರ್‌ಗೆ ಇದು ಎರಡನೇ ಅವಕಾಶ, ಹೆಚ್ಚಿನ ದುಡ್ಡಲ್ಲ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿ ಇರಬೇಕು, ಮತ್ತು ನೀವೇ ತಯಾರಕರಾಗಿರಬೇಕು. ತಂದು ಮಾರುವ ಏಜೆಂಟರಿಗೆ ಈ ಸೌಲಭ್ಯ ಇಲ್ಲ.

ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಠೇವಣಿ, ಕಟ್ಟುವುದರಿಂದಲೂ ಸಣ್ಣ ಉದ್ಯಮಗಳಿಗೆ ವಿನಾಯಿತಿ ಇದೆ. ಆರ್ಡರ್ ಬಂದ ಮೇಲಿನ ಬ್ಯಾಂಕ್ ಗ್ಯಾರಂಟಿಗೆ ಇಲ್ಲ. ಗುತ್ತಿಗೆ ಮೊತ್ತದ ಶೇ. 3ರಿಂದ 10ರವರೆಗೆ ವಾರಂಟಿ ಮುಗಿಯುವ ತನಕ ಸಿಕ್ಕಿಹಾಕಿಕೊಳ್ಳುತ್ತದೆ. ಬೆಲೆ ಹಾಕುವಾಗ ಇದನ್ನು ಮರೆತು ಕೈ ಸುಟ್ಟುಕೊಂಡವರಿದ್ದಾರೆ.

ಪ್ರಯೋಗಾಲಯ ಬರೀ ಗಿರಾಕಿ ಅಲ್ಲ, ಪರೀಕ್ಷಕನೂ ಹೌದು. ಬೆಸ್ಕಾಂಗೆ ಟ್ರಾನ್ಸ್‌ಫಾರ್ಮರ್ ಮಾರಬೇಕಾದರೆ ಐಎಸ್ 1180 ಅನ್ನುವ ಭಾರತೀಯ ಮಾನದಂಡದ ಪ್ರಕಾರ ಪಾಸಾದ ಟೈಪ್ ಟೆಸ್ಟ್, ಅಂದರೆ ಮಾದರಿ ಯಂತ್ರದ ಪರೀಕ್ಷೆಯ, ವರದಿ ಕೈಯಲ್ಲಿರಬೇಕು. ಸಿಪಿಆರ್‌ಐನ ಬೆಂಗಳೂರು ಕೇಂದ್ರದಲ್ಲಿ 2500 ಎಂವಿಎ ಶಾರ್ಟ್ ಸರ್ಕ್ಯೂಟ್ ಪರೀಕ್ಷಾ ವ್ಯವಸ್ಥೆ ಇದೆ. ಟ್ರಾನ್ಸ್‌ಫಾರ್ಮರ್‌ನ ಒಂದು ಕಡೆ ಶಾರ್ಟ್ ಮಾಡಿ ಕರೆಂಟ್ ಬಿಡುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ವೈಂಡಿಂಗ್ ಒಂಚೂರು ಸರಿದಿದ್ದರೂ ಮುಂದಿನ ಅಳತೆಯಲ್ಲಿ ಗೊತ್ತಾಗುತ್ತದೆ. ಟೆಸ್ಟ್ ಶುಲ್ಕ, ಲಾರಿ ಬಾಡಿಗೆ, ಸರದಿ ಕಾದ ದಿನಗಳು, ಎಲ್ಲ ತಯಾರಕರದ್ದೇ. ಹಾಗಿದ್ದರೂ ಈ ಪರೀಕ್ಷೆಯ ಪರ ನಾನಿದ್ದೇನೆ. ಊರಿನ ಬೀದಿಯಲ್ಲಿ ಟ್ರಾನ್ಸ್‌ಫಾರ್ಮರ್ ಸಿಡಿಯುವುದಕ್ಕಿಂತ ಸದಾಶಿವನಗರದ ಗೋಡೆಯೊಳಗೆ ಸೋಲುವುದು ಮೇಲು. ಆ ವರದಿಯೇ ಎಷ್ಟೋ ಸಣ್ಣ ಕಂಪನಿಗಳಿಗೆ ಬೇರೆ ರಾಜ್ಯದ ಬಾಗಿಲು ತೆರೆದಿದೆ.

ಮೂರನೇ ನಂಟು ಜೊತೆ ಸೇರಿ ಹೊಸದು ಮಾಡುವುದು. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಸಂಶೋಧನೆಗೆ ಒಪ್ಪಿದ 1 ಲಕ್ಷ ಕೋಟಿ ರೂಪಾಯಿಯ ಆರ್‌ಡಿಐ ನಿಧಿ ಬಗ್ಗೆ ಪತ್ರಿಕೆಯಲ್ಲಿ ಓದಿ ಕೇಳುವವರು ಜಾಸ್ತಿ. ಅದು ಮುಖ್ಯವಾಗಿ ಕಡಿಮೆ ಬಡ್ಡಿಯ ದೀರ್ಘ ಸಾಲ, ನಿಧಿ ನಿರ್ವಾಹಕರ ಮೂಲಕ ಬರುವಂಥದ್ದು. ಪೀಣ್ಯದ ಶೆಡ್ಡಿಗೆ ಸಾಲಕ್ಕಿಂತ ಬೇಕಾದ್ದು ಮೊದಲ ಆರ್ಡರ್. ಅಮೆರಿಕದಲ್ಲಿ 1982ರಲ್ಲಿ ಶುರುವಾದ ಎಸ್‌ಬಿಐಆರ್ ಯೋಜನೆಯಲ್ಲಿ ಒಂದು ಜಾಣತನ ಇತ್ತು. ಸರ್ಕಾರದ ದುಡ್ಡಿನಲ್ಲಿ ಸಂಶೋಧನೆ ಮಾಡಿ ಗೆದ್ದ ಸಣ್ಣ ಕಂಪನಿಯಿಂದ ಮತ್ತೆ ಸ್ಪರ್ಧೆ ಕರೆಯದೆ ಸರ್ಕಾರವೇ ಕೊಳ್ಳಬಹುದು. ನಮ್ಮಲ್ಲಿ ರಕ್ಷಣಾ ಇಲಾಖೆ 2018ರಲ್ಲಿ ಐಡೆಕ್ಸ್ ತಂದು ಹೆಚ್ಚುಕಡಿಮೆ ಅದೇ ದಾರಿ ಹಿಡಿಯಿತು, ಬೆಂಗಳೂರಿನ ಹುಡುಗರು ಅದರಲ್ಲಿ ಗೆದ್ದೂ ಇದ್ದಾರೆ. ಇಂಧನ ಪ್ರಯೋಗಾಲಯಗಳಿಗೂ ಅಂಥದ್ದೊಂದು ಬೇಕು. ಮಾದರಿ ಮಾಡಿಕೊಟ್ಟವರೇ ಎರಡನೆಯದಕ್ಕೆ ಮತ್ತೆ ಎಲ್-1 ಸಾಲಿನಲ್ಲಿ ನಿಂತು, ಅವರ ಡ್ರಾಯಿಂಗ್ ನೋಡಿ ಬೆಲೆ ಹಾಕಿದವರ ಎದುರು ಸೋಲುವುದು ನ್ಯಾಯ ಅಲ್ಲ.

ಅನ್ಯಾಯ ಆಯಿತು ಅನ್ನಿಸಿದರೆ ಎಲ್ಲಿ ಹೋಗಬೇಕು? ಇಲ್ಲಿ ಒಂದು ವಿಚಿತ್ರ ಇದೆ. ಕೆಪಿಟಿಸಿಎಲ್, ಬೆಸ್ಕಾಂನಂಥ ರಾಜ್ಯದ ಸಂಸ್ಥೆಗಳ ಟೆಂಡರ್‌ಗೆ 1999ರ ಕರ್ನಾಟಕ ಪಾರದರ್ಶಕತೆ ಕಾಯ್ದೆ ಇದೆ, ನಾವು ಕೆಟಿಪಿಪಿ ಅನ್ನುವುದು. ಅದರ 16ನೇ ಸೆಕ್ಷನ್ ಅಡಿ ಮೇಲ್ಮನವಿ ಹಾಕಬಹುದು. ಕೇಂದ್ರದ ಪ್ರಯೋಗಾಲಯಗಳಿಗೆ ಇಂಥ ಖರೀದಿ ಕಾಯ್ದೆಯೇ ಇಲ್ಲ, ಇರುವುದು ಹಣಕಾಸು ನಿಯಮಗಳು ಮಾತ್ರ. 2012ರಲ್ಲಿ ಸಂಸತ್ತಿನಲ್ಲಿ ಮಂಡಿಸಿದ ಸಾರ್ವಜನಿಕ ಖರೀದಿ ಮಸೂದೆ ಪಾಸಾಗದೆ ಬಿದ್ದುಹೋಯಿತು. ಹಾಗಾಗಿ ಒಂದೇ ರಸ್ತೆಯ ಎರಡು ಕಚೇರಿಗಳಲ್ಲಿ ಸೋತರೆ, ಒಂದು ಕಡೆ ಮೇಲ್ಮನವಿ, ಇನ್ನೊಂದು ಕಡೆ ಮನವಿ ಪತ್ರ, ಅದೂ ಆಗದಿದ್ದರೆ ಹೈಕೋರ್ಟ್. ಹತ್ತು ಜನ ಕೆಲಸಗಾರರಿರುವ ಶೆಡ್ಡಿನವರು ಹೈಕೋರ್ಟಿಗೆ ಹೋಗುವುದು ಎಲ್ಲಿಂದ ಬಂತು?

ಗೆದ್ದವರ ಕಷ್ಟ ಬೇರೆ. ದುಡ್ಡು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸರಕು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2017ರಲ್ಲಿ ಇದಕ್ಕೆ ಸಮಾಧಾನ್ ಪೋರ್ಟಲ್ ಶುರುವಾಯಿತು, ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು. ಕಾನೂನು ಬಿಗಿಯಾಗೇ ಇದೆ. ಗಂಟು ಇರುವುದು "ಒಪ್ಪಿಕೊಂಡ" ಅನ್ನುವ ಪದದಲ್ಲಿ. ನಮ್ಮ ಒಂದು ಯಂತ್ರ ಪ್ರಯೋಗಾಲಯದ ವರಾಂಡದಲ್ಲಿ ಪ್ಲಾಸ್ಟಿಕ್ ಹೊದ್ದು ನಾಲ್ಕು ತಿಂಗಳು ನಿಂತಿತ್ತು. ಇಡಬೇಕಾದ ಕೋಣೆಗೆ ತ್ರೀ ಫೇಸ್ ಲೈನ್ ಎಳೆದಿರಲಿಲ್ಲ. ಇನ್‌ಸ್ಟಾಲ್ ಆಗಿಲ್ಲ, ಆದ್ದರಿಂದ ಒಪ್ಪಿಕೊಂಡಿಲ್ಲ, ಆದ್ದರಿಂದ ಬಿಲ್ ಇಲ್ಲ ಅಂದರು. ಅಲ್ಲಿಯ ವಿಜ್ಞಾನಿ ಒಳ್ಳೆಯವರು, ಅವರೇ ಲೈನ್‌ಗಾಗಿ ಓಡಾಡುತ್ತಿದ್ದರು. ಇತ್ತ ನಮ್ಮ ಗೆಳೆಯರು ಸಂಬಳ ಕೊಡಲು ಮನೆಯವರ ಬಳೆ ಅಡವಿಟ್ಟಿದ್ದರು.

ಸರಕು ತಲುಪಿದ 15 ದಿನದೊಳಗೆ ಕೊಂಡವರು ಬರವಣಿಗೆಯಲ್ಲಿ ಆಕ್ಷೇಪ ಹೇಳದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ ಅನ್ನುತ್ತದೆ ಅದೇ ಕಾಯ್ದೆ. ಇದು ನಮಗೆ ಆಮೇಲೆ ಗೊತ್ತಾಯಿತು. ಈಗ ನಾನು ಯಾರಿಗೇ ಕಾಗದ ಮಾಡಿಕೊಟ್ಟರೂ ಡೆಲಿವರಿ ಚಲನ್ ಮೇಲೆ ಸ್ಟೋರ್ಸ್‌ನ ಸೀಲು, ತಾರೀಖು, ಸಹಿ ಇಲ್ಲದೆ ಲಾರಿ ವಾಪಸ್ ಬರಕೂಡದು ಅನ್ನುತ್ತೇನೆ. ಆವತ್ತೇ ಸಂಜೆ ಒಂದು ಇ-ಮೇಲ್: ಯಂತ್ರ ತಲುಪಿದೆ, ಕೋಣೆ ಯಾವಾಗ ಸಿದ್ಧ ತಿಳಿಸಿ. ದೂರು ಕೊಡುವ ಪ್ರಸಂಗ ಬಾರದಿರಲಿ. ಕೊಟ್ಟರೆ ಮುಂದಿನ ಆರ್ಡರ್ ಹೋದೀತು ಅನ್ನುವ ಭಯ ಎಲ್ಲರಿಗೂ ಇದೆ, ನನಗೂ ಇದೆ. ಆದರೆ ಕಾಗದ ಸರಿಯಿದ್ದಾಗ ಬಿಲ್ ಸೆಕ್ಷನ್‌ನಲ್ಲಿ ಮಾತಿನ ಧಾಟಿಯೇ ಬೇರೆ ಇರುತ್ತದೆ.

914.4ರ ಟೆಂಡರ್ ಬಿಟ್ಟ ಮೇಲೆ ನಾವು ಬೇರೆ ಕೆಲಸ ಮಾಡಿದೆವು. ಶೆಡ್ಡಿನಲ್ಲಿ ಆಗಲೇ ಮಾಡಿದ ಚೇಂಬರ್‌ಗಳ ಫೋಟೋ, ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನಿಂದ ತಂದ ಕ್ಯಾಲಿಬ್ರೇಷನ್ ವರದಿ, ಹಳೇ ಗಿರಾಕಿಗಳು ಕೊಟ್ಟ ಕಂಪ್ಲೀಷನ್ ಸರ್ಟಿಫಿಕೇಟ್, ಎಲ್ಲ ಸೇರಿಸಿ ಆರು ಪುಟ. ಟೆಂಡರ್ ಯಾವುದೂ ಇಲ್ಲದಾಗ, ಏನೂ ಕೇಳದೆ, ನಗರದ ಬ್ಯಾಟರಿ ಕೆಲಸ ಮಾಡುವ ವಿಜ್ಞಾನಿಗಳಿಗೆ ಕಳಿಸಿ, ಬಿಡುವಾದಾಗ ಬಂದು ನೋಡಿ ಅಂತ ಕರೆದೆವು. ಎಂಟು ತಿಂಗಳು ಯಾರೂ ಬರಲಿಲ್ಲ.

ಆಮೇಲೆ ಒಂದು ಗುರುವಾರ ಮೂರು ಜನ ಬಂದರು. ಖರೀದಿ ಸಮಿತಿಯವರು. ಅವರಲ್ಲಿ ಚಿಕ್ಕ ವಯಸ್ಸಿನ ವಿಜ್ಞಾನಿಯೊಬ್ಬರು ಚೇಂಬರ್ ಬಾಗಿಲು ಮುಚ್ಚಿ, ಸಂದಿಯಲ್ಲಿ ಒಂದು ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿದರು. ಬರಲಿಲ್ಲ. ಬಾಗಿಲ ಸುತ್ತ ನಾಲ್ಕು ಕಡೆ ಹಾಗೇ ಮಾಡಿದರು. ನಮ್ಮ ಗೆಳೆಯರು ಅದನ್ನೇ ನೋಡುತ್ತಾ ನಿಂತಿದ್ದರು. "ಒಳಗಿನ ಅಗಲ ಎಷ್ಟು ಬೇಕು ಮೇಡಂ?" ಅಂತ ಕೇಳಿದರು. ಆಕೆ ತಮ್ಮ ಬ್ಯಾಟರಿ ಪ್ಯಾಕ್‌ನ ಅಳತೆ ಹೇಳಿ, ಸುತ್ತ ಕೈ ಆಡುವಷ್ಟು ಜಾಗ ಬಿಡಿ ಅಂದರು. ಇವರು ಚಾಕ್‌ಪೀಸ್ ತೆಗೆದು ನೆಲದ ಮೇಲೇ ಎಳೆದು ತೋರಿಸಿದರು. 850 ಸಾಕಾಯಿತು.

ಯಂತ್ರ ಕಳಿಸಿ ಇವತ್ತಿಗೆ 31 ದಿನ. ಚಲನ್ ಮೇಲೆ ಸೀಲು ಇದೆ.